ಲಾಭದ ಕಲಮಿನಲ್ಲಿ ಹೆಸರಿಲ್ಲದ ಜೇಡ

ಕೃಷಿ ಕೀಟಶಾಸ್ತ್ರದ ಪಠ್ಯಗಳು ಹೊಲ ತೋಟಗಳ ಜೀವಿಗಳನ್ನು ಎರಡು ಪಂಗಡಗಳಾಗಿ ಸೀಳುತ್ತವೆ. ಒಂದು ಪೀಡೆ, ಇನ್ನೊಂದು ರೈತಮಿತ್ರ. ಈ ಎರಡರಲ್ಲಿ ಯಾವುದಕ್ಕೂ ಸೇರದ ಲಕ್ಷಾಂತರ ಜೀವಿಗಳಿಗೆ ಅಲ್ಲಿ ಹೆಸರೂ ಇಲ್ಲ, ಪುಟವೂ ಇಲ್ಲ. ಜೇಡಗಳು ಬಹುಕಾಲ ಈ ಹೆಸರಿಲ್ಲದವರ ಸಾಲಿನಲ್ಲಿಯೇ ಇದ್ದವು. ಕಳೆದ ಕೆಲವು ದಶಕಗಳಲ್ಲಿ ಅವಕ್ಕೆ ಬಡ್ತಿ ದೊರೆತಿದೆ. ಜೇಡ ಕೀಟಗಳನ್ನು ತಿನ್ನುತ್ತದೆ, ಆದ್ದರಿಂದ ಅದು ರೈತನ ಮಿತ್ರ ಎಂದು ಕರಪತ್ರಗಳು ಸಾರುತ್ತಿವೆ. ಜಗತ್ತಿನ ಜೇಡಗಳೆಲ್ಲ ಕೂಡಿ ವರ್ಷಕ್ಕೆ 40ರಿಂದ 80 ಕೋಟಿ ಟನ್ ಆಹಾರವನ್ನು ತಿನ್ನುತ್ತವೆಂದು 2017ರಲ್ಲಿ ಇಬ್ಬರು ಯುರೋಪಿನ ವಿಜ್ಞಾನಿಗಳು ಅಂದಾಜು ಮಾಡಿದರು. ಅಂದಿನಿಂದ ಆ ಅಂಕಿ ನಮ್ಮ ಪರಿಸರ ಸಭೆಗಳ ಭಾಷಣಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತಿದೆ. ಇಷ್ಟು ಕೀಟ ತಿನ್ನುವ ಜೀವಿಯನ್ನು ಉಳಿಸಬೇಡವೇ ಎಂಬುದು ನಮ್ಮ ಕಾರ್ಯಕರ್ತರ ವಾದ.

ಈ ವಾದವನ್ನೇ ನಾನಿಲ್ಲಿ ಪ್ರಶ್ನಿಸಲು ಹೊರಟಿದ್ದೇನೆ. ಪ್ರಕೃತಿಯನ್ನು ಅದರ ಉಪಯೋಗದ ಹೆಸರಿನಲ್ಲಿ ಸಮರ್ಥಿಸುವುದು ನಮ್ಮ ಚಳವಳಿಗೆ ಸುಲಭದ ದಾರಿಯಾಗಿದೆ. ಸುಲಭದ ದಾರಿ ಎಲ್ಲಿಗೆ ಕೊಂಡೊಯ್ಯುತ್ತದೆ ಎಂದು ನೋಡಬೇಕಾದ ಕಾಲ ಬಂದಿದೆ. ಅದನ್ನು ಪರೀಕ್ಷಿಸಲು ಒಂದು ಜೇಡವನ್ನೇ ಸಾಕ್ಷಿಯಾಗಿ ಕರೆಯುತ್ತೇನೆ. ಅದು ಕೀಟಗಳಿಗಿಂತ ಹೆಚ್ಚಾಗಿ ಇತರ ಜೇಡಗಳನ್ನೇ ಹುಡುಕಿ ಕೊಂದು ತಿನ್ನುವ ಜೇಡ. ಅಂದರೆ, ರೈತಮಿತ್ರನ ಶತ್ರು. ಇದನ್ನು ಯಾವ ಕಲಮಿನಲ್ಲಿ ಬರೆಯುತ್ತೀರಿ?

ಯಾರು ಈ ಪೋರ್ಷಿಯಾ?

ನೆಗೆಯುವ ಜೇಡಗಳದ್ದು ಜೇಡಲೋಕದ ಅತಿದೊಡ್ಡ ಕುಟುಂಬ. 6000ಕ್ಕೂ ಹೆಚ್ಚು ಪ್ರಭೇದಗಳು ಇದರಲ್ಲಿವೆ. 2022ರಲ್ಲಿ ಜಾಗತಿಕ ಜೇಡಪಟ್ಟಿಗೆ 50,000ನೆಯ ಪ್ರಭೇದ ಸೇರಿದಾಗ, ಆ ಗೌರವಕ್ಕೆ ಪಾತ್ರವಾದದ್ದೂ ದಕ್ಷಿಣ ಅಮೆರಿಕದ ಒಂದು ನೆಗೆಯುವ ಜೇಡವೇ. ಗೋಡೆಯ ಮೇಲೆ ನೊಣವನ್ನು ಹೊಂಚುಹಾಕಿ, ಬೆಕ್ಕಿನಂತೆ ಮೈ ಕುಗ್ಗಿಸಿ ಹಾರುವ ಪುಟ್ಟ ಜೇಡವನ್ನು ನೋಡದವರಿಲ್ಲ. ಅದರ ಬಳಗದಲ್ಲಿಯೇ ಪೋರ್ಷಿಯಾ ಎಂಬ ಕುಲವಿದೆ.

1878ರಲ್ಲಿ ಜರ್ಮನಿಯ ಕಾರ್ಷ್ ಎಂಬ ವಿಜ್ಞಾನಿ ಆಫ್ರಿಕದ ಮಾದರಿಯೊಂದನ್ನು ಆಧರಿಸಿ ಈ ಕುಲವನ್ನು ಸ್ಥಾಪಿಸಿದನು. ಸರಿಯಾಗಿ ನೂರು ವರ್ಷಗಳ ನಂತರ, 1978ರಲ್ಲಿ, ಲಂಡನ್ನಿನ ವಸ್ತುಸಂಗ್ರಹಾಲಯದ ವಾನ್‌ಲೆಸ್ ಇದನ್ನು ಸಮಗ್ರವಾಗಿ ಪರಿಷ್ಕರಿಸಿದರು. ಇಂದು ಈ ಕುಲದಲ್ಲಿ ಸುಮಾರು 20 ಪ್ರಭೇದಗಳಿವೆ. ಆಫ್ರಿಕದಲ್ಲಿ ಪೋರ್ಷಿಯಾ ಆಫ್ರಿಕಾನ, ಪೋರ್ಷಿಯಾ ಷುಲ್ಟ್‌ಜಿ, ಇಥಿಯೋಪಿಯದಲ್ಲಿ ಸ್ಟ್ರಾಂಡಿ, ಶ್ರೀಲಂಕಾದಿಂದ ಫಿಲಿಪ್ಪೀನ್ಸ್‌ವರೆಗೆ ಲೇಬಿಯಾಟ, ಭಾರತದಿಂದ ವಿಯೆಟ್ನಾಮ್‌ವರೆಗೆ ಆಲ್ಬಿಮಾನ, ಅಸ್ಸಾಮಿನ ಹೆಸರನ್ನೇ ಹೊತ್ತ ಅಸ್ಸಾಮೆನ್ಸಿಸ್, ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ಮಳೆಕಾಡುಗಳಲ್ಲಿ ಫಿಂಬ್ರಿಯಾಟ. ಅಮೆರಿಕ ಖಂಡಗಳಲ್ಲಿ ಇದರ ಸುಳಿವಿಲ್ಲ. ಹಳೆಯ ಜಗತ್ತಿನ ಉಷ್ಣವಲಯವೇ ಇದರ ತವರು. ದಕ್ಷಿಣ ಭಾರತದ ಕಾಡುಗಳಲ್ಲಿಯೂ ಲೇಬಿಯಾಟ ಮತ್ತು ಆಲ್ಬಿಮಾನಗಳ ನೆಲೆಯಿದೆ.

ಈ ಪಟ್ಟಿಯನ್ನು ಸುಮ್ಮನೆ ಓದಿ ಮುಂದೆ ಹೋಗಬಾರದು. ಅದರಲ್ಲಿ ಒಂದು ರಾಜಕಾರಣವೂ ಅಡಗಿದೆ. ಹೆಟೆರಾಯ್ಡಿಯ 1991, ಸೋಂಗಿ 1997, ಜಿಯಾನ್‌ಫೆಂಗ್ 1998, ವುಯಿ 2002, ಝಾವೊಯಿ 2003, ತೈವಾನಿಕ 2005: ಚೀನಾ ಮತ್ತು ತೈವಾನಿನ ನೆಲದಿಂದ ಹದಿನೈದು ವರ್ಷಗಳಲ್ಲಿ ಆರು ಹೆಸರುಗಳು ಈ ಪಟ್ಟಿಗೆ ಸೇರಿದವು. ಆ ನೆಲದಲ್ಲಿ ಈ ಜೇಡಗಳು ಏಕಾಏಕಿ ಹುಟ್ಟಿಕೊಂಡವೇ? ಇಲ್ಲ. ಅಲ್ಲಿ ಕಾಡಿಗೆ ಹೋಗಿ ಹುಡುಕುವವರು, ಹುಡುಕಿದ್ದನ್ನು ಸೂಕ್ಷ್ಮದರ್ಶಕದಡಿ ಇಟ್ಟು ಹೆಸರಿಸುವವರು ಇದ್ದರು. ಭಾರತಕ್ಕೆ ಸಂಬಂಧಿಸಿದ ಪೋರ್ಷಿಯಾಗಳ ಹಳೆಯ ಹೆಸರುಗಳನ್ನು ಕೊಟ್ಟವರು ಯುರೋಪಿನ ವಸ್ತುಸಂಗ್ರಹಾಲಯಗಳಲ್ಲಿ ಕುಳಿತವರು. 2005ರಲ್ಲಿ ಪ್ರಕಟವಾದ ಭಾರತೀಯ ಜೇಡಗಳ ಪಟ್ಟಿಯಲ್ಲಿ ಇದ್ದದ್ದು 1442 ಪ್ರಭೇದಗಳು. ಪಶ್ಚಿಮಘಟ್ಟ ಮತ್ತು ಈಶಾನ್ಯದ ಕಾಡುಗಳೆರಡನ್ನೂ ಹೊಂದಿದ ಉಪಖಂಡಕ್ಕೆ ಈ ಸಂಖ್ಯೆ ಸಾಲದು ಎಂಬುದನ್ನು ತಿಳಿಯಲು ತಜ್ಞರೇ ಆಗಬೇಕಿಲ್ಲ. ಇಲ್ಲಿ ಕೊರತೆಯಿರುವುದು ಜೇಡಗಳದ್ದಲ್ಲ, ನೋಡುವ ಕಣ್ಣುಗಳದ್ದು. ಆ ಕಣ್ಣುಗಳನ್ನು ಬೆಳೆಸಲು ನಾವು ಹಣ ಕೊಡುತ್ತಿಲ್ಲ. ಏಕೆಂದರೆ ಅದರಿಂದ ತಕ್ಷಣದ ಲಾಭವಿಲ್ಲ.

ಒಣಗಿದ ಕಸದಂತೆ ಕಾಣುವ ಬೇಟೆಗಾರ

ಪೋರ್ಷಿಯಾ ಒಂದು ಸೆಂಟಿಮೀಟರಿಗೂ ಮೀರದ ಜೀವಿ. ಮೈಮೇಲೆ ಕೂದಲಿನ ಕುಚ್ಚುಗಳು. ಬಣ್ಣ ಒಣ ಎಲೆಯದು. ಬಲೆಯೊಂದಕ್ಕೆ ಸಿಕ್ಕಿಕೊಂಡ ತರಗೆಲೆಯ ಚೂರಿನಂತೆ ಅದು ಕಾಣುತ್ತದೆ. ನಡೆಯುವಾಗಲೂ ಗಾಳಿಗೆ ಅಲುಗುವ ಕಸದಂತೆ, ತಡೆತಡೆದು ಹೆಜ್ಜೆಯಿಡುತ್ತದೆ. ಎಂಟು ಕಣ್ಣುಗಳಲ್ಲಿ ಮುಂದಿನ ಎರಡು ದೂರದರ್ಶಕದ ಕೊಳವೆಗಳಂತೆ ರಚಿತವಾಗಿವೆ. ಅವುಗಳ ತೀಕ್ಷ್ಣತೆ ಮನುಷ್ಯನ ಕಣ್ಣಿಗಿಂತ ಐದಾರು ಪಟ್ಟು ಮಾತ್ರ ಕಡಿಮೆ. ಯಾವ ಕೀಟದ ಕಣ್ಣೂ ಅದರ ಹತ್ತಿರ ಸುಳಿಯದು.

ಇದರ ಬೇಟೆಯ ವಿಧಾನವನ್ನು ನ್ಯೂಜಿಲೆಂಡಿನ ಕ್ಯಾಂಟರ್‌ಬರಿ ವಿಶ್ವವಿದ್ಯಾಲಯದ ರಾಬರ್ಟ್ ಜಾಕ್ಸನ್ ಮತ್ತು ಸಂಗಡಿಗರು ದಶಕಗಳ ಕಾಲ ಅಧ್ಯಯನ ಮಾಡಿದ್ದಾರೆ. ಬಲೆ ನೇಯುವ ಜೇಡಗಳಿಗೆ ದೃಷ್ಟಿ ಮಂದ. ಬಲೆಯ ಕಂಪನವೇ ಅವುಗಳ ಲೋಕ. ಪೋರ್ಷಿಯಾ ಪರರ ಬಲೆಯ ಅಂಚಿಗೆ ಬಂದು ಎಳೆಗಳನ್ನು ಮೀಟುತ್ತದೆ. ಎಂಟು ಕಾಲುಗಳು, ಬಾಯಿಯ ಬಳಿಯ ಎರಡು ಸ್ಪರ್ಶಾಂಗಗಳು, ಇವುಗಳಲ್ಲಿ ಯಾವುದರಿಂದಾದರೂ, ಎಷ್ಟು ಬಗೆಯಲ್ಲಾದರೂ ಮೀಟಬಲ್ಲದು. ಪರಿಚಿತ ಜಾತಿಯ ಜೇಡವಾದರೆ ಅದಕ್ಕೆ ತಕ್ಕ ಸಂಜ್ಞೆ ಹುಟ್ಟಿನಿಂದಲೇ ಗೊತ್ತು. ಅಪರಿಚಿತವಾದರೆ ಒಂದಾದ ಮೇಲೊಂದು ಸಂಜ್ಞೆ ಹೊರಡಿಸುತ್ತ ಹೋಗುತ್ತದೆ. ಯಾವುದಕ್ಕೆ ಬಲೆಯೊಡತಿ ಪ್ರತಿಕ್ರಿಯಿಸಿದಳೋ ಅದನ್ನೇ ಪುನರಾವರ್ತಿಸುತ್ತದೆ. ಗಾಳಿ ಬೀಸಿ ಬಲೆಯೆಲ್ಲ ಅಲುಗುವಾಗ ಆ ಗದ್ದಲದ ಮರೆಯಲ್ಲಿ ಬೇಗಬೇಗ ಮುಂದೆ ಸಾಗುತ್ತದೆ. ಗಾಳಿ ನಿಂತರೆ ತಾನೂ ನಿಧಾನಿಸುತ್ತದೆ.

ಇನ್ನೂ ಅಚ್ಚರಿಯ ಸಂಗತಿಯೆಂದರೆ ಅದರ ಸುತ್ತುದಾರಿ. ಅಪಾಯಕಾರಿ ಜೇಡವೊಂದು ಬಲೆಯ ನಡುವೆ ಕುಳಿತಿದ್ದರೆ ಪೋರ್ಷಿಯಾ ನೇರ ಹೋಗದೆ ಹಿಂದಿರುಗುತ್ತದೆ. ಗಿಡದ ಕಾಂಡ, ಬಂಡೆ ಬಳಸಿ ಮೇಲೇರುತ್ತದೆ. ಬಲೆಯ ಮೇಲ್ಭಾಗದಿಂದ ನೂಲಿನಲ್ಲಿ ಇಳಿದು, ಎಳೆಗೆ ಸೋಂಕದೆ ಆಕ್ರಮಿಸುತ್ತದೆ. ಈ ಪಯಣದಲ್ಲಿ ಬೇಟೆ ಬಹುಹೊತ್ತು ಕಣ್ಣಿಗೆ ಕಾಣುವುದಿಲ್ಲ. ಆದರೂ ಗುರಿ ಮರೆಯುವುದಿಲ್ಲ. 1997ರಲ್ಲಿ ಪ್ರಕಟವಾದ ಟಾರ್ಸಿಟಾನೊ ಮತ್ತು ಜಾಕ್ಸನ್ನರ ಪ್ರಯೋಗದಲ್ಲಿ ಎರಡು ದಾರಿಗಳಲ್ಲಿ ಒಂದು ಮಾತ್ರ ಬೇಟೆಯ ಬಳಿಗೆ ಒಯ್ಯುತ್ತಿತ್ತು. ಜೇಡ ಎತ್ತರದಲ್ಲಿ ಕುಳಿತು ಎರಡನ್ನೂ ಕಣ್ಣಿನಿಂದ ಅಳೆದು, ಕೆಳಗಿಳಿದು, ತಪ್ಪು ದಾರಿಯ ಬುಡವನ್ನು ದಾಟಿಕೊಂಡು ಹೋಗಿಯಾದರೂ ಸರಿಯಾದ ದಾರಿಯನ್ನು ಆರಿಸಿಕೊಂಡಿತು. ಗುಂಡುಸೂಜಿಯ ತಲೆಯಷ್ಟೂ ಇಲ್ಲದ ಮಿದುಳು ಮುಂದಾಲೋಚನೆ ಮಾಡಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕೆ?

ಈಗ ಮೊದಲಿನ ಪ್ರಶ್ನೆಗೆ ಬರೋಣ. ತರಬೇತಿ ಶಿಬಿರವೊಂದರಲ್ಲಿ ಇಷ್ಟನ್ನೂ ವಿವರಿಸಿದ ಮೇಲೆ ಒಬ್ಬ ಅಧಿಕಾರಿ ಕೇಳಿದ್ದು ಒಂದೇ ಮಾತು: "ಇದರಿಂದ ರೈತನಿಗೆ ಏನು ಉಪಯೋಗ?" ಉತ್ತರ ಸರಳ. ಏನೂ ಇಲ್ಲ. ನೇರ ಲೆಕ್ಕದಲ್ಲಿ ನೋಡಿದರೆ ನಷ್ಟವೇ ಸರಿ. ಕೀಟ ತಿನ್ನುವ ಜೇಡವನ್ನು ಇದು ತಿನ್ನುತ್ತದೆ. ಪೋರ್ಷಿಯಾ ಪರೋಕ್ಷವಾಗಿ ಉಪಕಾರಿಯೇ ಇರಬೇಕು, ಜೇಡಗಳ ಸಂಖ್ಯೆಯನ್ನು ಸಮತೋಲದಲ್ಲಿಡುತ್ತದೆ ಎಂದು ಏನಾದರೊಂದು ಹೇಳಿ ಅದಕ್ಕೂ ರೈತಮಿತ್ರನ ಪದಕ ತೊಡಿಸುವ ಆಮಿಷ ನಮ್ಮವರಿಗೆ ಬರುತ್ತದೆ. ಆ ಆಮಿಷವನ್ನು ಗೆಲ್ಲಬೇಕು. ಪ್ರಮಾಣಪತ್ರವಿಲ್ಲದೆಯೂ ಒಂದು ಜೀವಿ ಬದುಕಬಹುದು ಎಂದು ಒಪ್ಪದವನು ಪರಿಸರವಾದಿಯಲ್ಲ, ಲೆಕ್ಕಪರಿಶೋಧಕ.

ಲೆಕ್ಕವೇ ತಪ್ಪಿದಾಗ

ಉಪಯೋಗದ ಲೆಕ್ಕ ನೀತಿಯ ದೃಷ್ಟಿಯಿಂದ ಮಾತ್ರ ಹೀನವೆಂದು ನಾನು ಹೇಳುತ್ತಿಲ್ಲ. ಲೆಕ್ಕವಾಗಿಯೂ ಅದು ನಂಬಲರ್ಹವಲ್ಲ. ಇದಕ್ಕೆ ಸಾಕ್ಷಿ ಪೋರ್ಷಿಯಾದ ಒಂದು ತವರಿನಲ್ಲಿಯೇ ಇದೆ. ಫಿಲಿಪ್ಪೀನ್ಸಿನ ಲಾಸ್ ಬಾನ್ಯೋಸ್ ಎಂಬ ಊರಿನ ಮಳೆಕಾಡಿನಲ್ಲಿ ಪೋರ್ಷಿಯಾ ಲೇಬಿಯಾಟ ವಾಸಿಸುತ್ತದೆ. ಅದೇ ಊರಿನಲ್ಲಿ 1960ರಲ್ಲಿ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಸ್ಥಾಪನೆಯಾಯಿತು. 1966ರಲ್ಲಿ ಐಆರ್-8 ಭತ್ತ ಅಲ್ಲಿಂದಲೇ ಹೊರಬಂದಿತು. ಅದರೊಡನೆ ರಸಗೊಬ್ಬರ ಮತ್ತು ಕೀಟನಾಶಕಗಳ ಕಟ್ಟೂ ಏಷ್ಯದ ಗದ್ದೆಗಳಿಗೆ ಇಳಿಯಿತು.

1970ರ ದಶಕದಲ್ಲಿ ಏನಾಯಿತೆಂಬುದು ಇತಿಹಾಸ. ಹಿಂದೆ ಲೆಕ್ಕಕ್ಕೇ ಇಲ್ಲದಿದ್ದ ಕಂದು ಜಿಗಿಹುಳು ಫಿಲಿಪ್ಪೀನ್ಸ್, ಇಂಡೋನೇಷಿಯ, ಭಾರತ ಎನ್ನದೆ ಗದ್ದೆಗಳನ್ನು ಸುಟ್ಟಂತೆ ಮಾಡಿತು. ಹೆಚ್ಚು ಸಿಂಪಡಿಸಿದಲ್ಲಿ ಹುಳು ಹೆಚ್ಚಾಯಿತು. ಪೀಟರ್ ಕೆನ್ಮೋರ್ ಎಂಬ ಸಂಶೋಧಕ ಲಾಸ್ ಬಾನ್ಯೋಸಿನ ಗದ್ದೆಗಳಲ್ಲಿಯೇ ಇದರ ಗುಟ್ಟನ್ನು ಬಿಡಿಸಿದನು. ಜಿಗಿಹುಳುವನ್ನು ಹದ್ದುಬಸ್ತಿನಲ್ಲಿ ಇಟ್ಟಿದ್ದವು ತೋಳಜೇಡಗಳು ಮತ್ತು ನೀರಿನ ಮೇಲೆ ಓಡಾಡುವ ಪುಟ್ಟ ತಿಗಣೆಗಳು. ಔಷಧಿ ಅವನ್ನು ಮೊದಲು ಕೊಂದಿತು. ಜಿಗಿಹುಳುವಿನ ಮೊಟ್ಟೆ ಭತ್ತದ ಗರಿಯ ಅಂಗಾಂಶದೊಳಗೆ ಸುರಕ್ಷಿತವಾಗಿರುತ್ತದೆ. ಅದರ ಒಂದು ತಲೆಮಾರಿಗೆ ಒಂದು ತಿಂಗಳು ಸಾಕು. ಜೇಡದ ಸಂತಾನ ಬೆಳೆಯಲು ತಿಂಗಳುಗಳೇ ಬೇಕು. ಆದ್ದರಿಂದ ವಿಷದ ಅಲೆ ಇಳಿದ ಮೇಲೆ ಮೊದಲು ಮರಳುವುದು ಪೀಡೆ. ಕಾವಲುಗಾರ ಬರುವ ಹೊತ್ತಿಗೆ ಗದ್ದೆ ಒಣಗಿರುತ್ತದೆ.

ಇಂಡೋನೇಷಿಯ ಸರ್ಕಾರ ಈ ಪಾಠ ಕಲಿತು 1986ರಲ್ಲಿ ಅಧ್ಯಕ್ಷೀಯ ಆದೇಶದ ಮೂಲಕ 57 ಕೀಟನಾಶಕಗಳನ್ನು ಭತ್ತದ ಮೇಲೆ ಬಳಸುವುದನ್ನು ನಿಷೇಧಿಸಿತು. ಬಳಿಕ ಕೀಟನಾಶಕದ ಸಹಾಯಧನವನ್ನೂ ರದ್ದುಪಡಿಸಿತು. ಭತ್ತದ ಇಳುವರಿ ಕುಸಿಯಲಿಲ್ಲ.

ಓದುಗರು ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಗದ್ದೆಯ ಜೇಡ 1980ರ ನಂತರ ಉಪಕಾರಿಯಾದದ್ದಲ್ಲ. ಅದಕ್ಕಿಂತ ಸಾವಿರಾರು ವರ್ಷ ಮೊದಲಿನಿಂದಲೂ ಅದು ತನ್ನ ಕೆಲಸ ಮಾಡುತ್ತಲೇ ಇತ್ತು. ಆದರೆ ಅದರ ಹೆಸರಿನ ಮುಂದಿನ ಕಲಮಿನಲ್ಲಿ ಸೊನ್ನೆ ಇತ್ತು. ಆ ಸೊನ್ನೆಯನ್ನು ನಂಬಿ ಒಂದು ಖಂಡದ ಗದ್ದೆಗಳಿಗೆ ವಿಷ ಸುರಿಯಲಾಯಿತು. ದುರಂತ ನಡೆದ ಮೇಲೆ ಕಲಂ ತುಂಬಲಾಯಿತು. ಉಪಯೋಗದ ಲೆಕ್ಕ ಯಾವಾಗಲೂ ಹೀಗೆಯೇ ತಡವಾಗಿ ಬರುತ್ತದೆ. ಕಾಡು ಹೋದ ಮೇಲೆ ನೀರಿನ ಬೆಲೆ, ದುಂಬಿ ಹೋದ ಮೇಲೆ ಪರಾಗದ ಬೆಲೆ. ಕಳೆದುಕೊಂಡದ್ದರ ಮೌಲ್ಯವನ್ನು ಮಾತ್ರ ಅಳೆಯಬಲ್ಲ ತಕ್ಕಡಿಯನ್ನು ಹಿಡಿದು ಉಳಿಸಬೇಕಾದ್ದನ್ನು ನಿರ್ಧರಿಸುವುದು ಹೇಗೆ?

ಹೆಕ್ಟೇರಿಗೆ ಇಷ್ಟು ಎಂಬ ಕಾಡು

ಈ ತಕ್ಕಡಿ ಇಂದು ಕೃಷಿ ಇಲಾಖೆಯ ಕೋಣೆಗೆ ಸೀಮಿತವಾಗಿಲ್ಲ. ಅದು ಕಾನೂನಿನೊಳಕ್ಕೂ ಬಂದಿದೆ. ಅರಣ್ಯಭೂಮಿಯನ್ನು ಅಣೆಕಟ್ಟಿಗೋ ಗಣಿಗೋ ಬಿಟ್ಟುಕೊಡುವಾಗ 'ನಿವ್ವಳ ಪ್ರಸ್ತುತ ಮೌಲ್ಯ' ಎಂಬ ಹೆಸರಿನಲ್ಲಿ ಹಣ ಕಟ್ಟಿಸಿಕೊಳ್ಳುವ ಪದ್ಧತಿಯಿದೆ. 2008ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ದರ ಹೆಕ್ಟೇರಿಗೆ 4.38 ಲಕ್ಷದಿಂದ 10.43 ಲಕ್ಷ ರೂಪಾಯಿ. 2022ರಲ್ಲಿ ಈ ದರವನ್ನು ಏರಿಸಲಾಯಿತು. ಕಾಡು ನೀಡುವ ಸೇವೆಗಳಿಗೆ ಬೆಲೆ ಕಟ್ಟಿದರೆ ಕಾಡು ಉಳಿಯುತ್ತದೆಂದು ಸದುದ್ದೇಶದ ಅರ್ಥಶಾಸ್ತ್ರಜ್ಞರು ವಾದಿಸಿದ್ದರು. ಆದದ್ದೇನು? ಬೆಲೆ ಗೊತ್ತಾದದ್ದರಿಂದ ಕೊಳ್ಳುವುದು ಸುಲಭವಾಯಿತು. ಬೆಲೆಪಟ್ಟಿ ಇರುವಲ್ಲಿ ವ್ಯಾಪಾರಿ ಇದ್ದೇ ಇರುತ್ತಾನೆ.

2002ರ ಜೀವವೈವಿಧ್ಯ ಕಾಯಿದೆಯಡಿ ಗ್ರಾಮ ಪಂಚಾಯತಿಗಳು ಸಿದ್ಧಪಡಿಸುವ ಜನತಾ ಜೀವವೈವಿಧ್ಯ ದಾಖಲಾತಿಗಳನ್ನು ತೆಗೆದು ನೋಡಿ. ಹೆಸರಿನ ಪಕ್ಕದಲ್ಲಿ ಉಪಯೋಗ ಎಂಬ ಕಲಂ ಕಣ್ಣಿಗೆ ಬೀಳುತ್ತದೆ. ಔಷಧಿ, ಆಹಾರ, ಮೇವು, ಸೌದೆ. ಉಪಯೋಗ ಗೊತ್ತಿಲ್ಲದ ಜೀವಿ ಆ ಪುಸ್ತಕಕ್ಕೆ ಬರುವುದೇ ಅಪರೂಪ. ಯೋಜನೆಗಳ ಪರಿಸರ ಪರಿಣಾಮ ವರದಿಗಳಲ್ಲಿಯಂತೂ ಹುಲಿ, ಕಾಡುಕೋಣ, ಹಕ್ಕಿ, ಕೆಲವು ಚಿಟ್ಟೆಗಳ ಆಚೆಗೆ ಪ್ರಾಣಿಲೋಕವೇ ಇಲ್ಲವೇನೋ ಎಂಬ ಭಾವನೆ ಬರುತ್ತದೆ. ಶರಾವತಿ ಕಣಿವೆಯ 2000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ ಯೋಜನೆಯ ಚರ್ಚೆಯಲ್ಲಿ ಸಿಂಗಳೀಕದ ಹೆಸರು ಕೇಳಿಬಂದಿತು, ಅದು ಸರಿಯಾದದ್ದೇ. ಆದರೆ ಸಿಂಗಳೀಕ ಇಲ್ಲದ, ಹುಲಿ ಓಡಾಡದ, ಊರ ಹಿಂದಿನ ಒಂದು ಹಾಡಿಯನ್ನು ಯಾರ ಹೆಸರಿನಲ್ಲಿ ಕಾಪಾಡುತ್ತೀರಿ? ಅಲ್ಲಿ ಇರುವುದು ಜೇಡ, ಏಡಿ, ಬಸವನಹುಳು. ಅವುಗಳ ಪರವಾಗಿ ವಕಾಲತ್ತು ವಹಿಸುವವರಿಲ್ಲ.

"ಬೇರೆಡೆ ಇದೆಯಲ್ಲ" ಎಂಬ ಕುತರ್ಕ

ಯೋಜನೆಗಳ ಸಮರ್ಥಕರು ಮುಂದಿಡುವ ಇನ್ನೊಂದು ವಾದವಿದೆ. ಈ ಪ್ರಭೇದ ಬೇರೆಡೆಯೂ ಇದೆ, ಇಲ್ಲಿ ಹೋದರೆ ಅಳಿದಂತಲ್ಲ ಎಂಬುದು ಆ ವಾದ. ಕಾಡಿಗೆ ಬದಲು ಕಾಡು, ಮರಕ್ಕೆ ಬದಲು ಗಿಡ. ಬಯಲುಸೀಮೆಯ ಯಾವುದೋ ತಾಲ್ಲೂಕಿನಲ್ಲಿ ಸಸಿ ನೆಟ್ಟು ಘಟ್ಟದ ಕಾಡಿಗೆ ಪರಿಹಾರವೆಂದು ದಾಖಲೆ ಸೃಷ್ಟಿಸುವುದು ಇದೇ ತರ್ಕದ ಮೇಲೆ.

ಪೋರ್ಷಿಯಾ ಲೇಬಿಯಾಟವನ್ನು ಕೇಳಿದರೆ ಇದಕ್ಕೆ ಉತ್ತರ ದೊರೆಯುತ್ತದೆ. ಫಿಲಿಪ್ಪೀನ್ಸಿನ ಲುಝಾನ್ ಎಂಬ ಒಂದೇ ದ್ವೀಪದಲ್ಲಿ ಇದರ ಎರಡು ಸಮುದಾಯಗಳನ್ನು ಜಾಕ್ಸನ್ ಬಳಗ ಹೋಲಿಸಿ ನೋಡಿತು. ಒಂದು ತಗ್ಗಿನ ಮಳೆಕಾಡಾದ ಲಾಸ್ ಬಾನ್ಯೋಸಿನದು. ಇನ್ನೊಂದು ಎತ್ತರದ ಪೈನ್ ಕಾಡಾದ ಸಗಾಡದ್ದು. ಲಾಸ್ ಬಾನ್ಯೋಸಿನಲ್ಲಿ ಸೈಟೋಡಿಸ್ ಎಂಬ ಉಗುಳುವ ಜೇಡವಿದೆ. ನೆಗೆಯುವ ಜೇಡಗಳನ್ನು ಹಿಡಿಯುವುದೇ ಅದರ ವೃತ್ತಿ. ದೂರದಿಂದಲೇ ಅಂಟು ಉಗುಳಿ ಕಟ್ಟಿಹಾಕುತ್ತದೆ. ಅಲ್ಲಿನ ಪೋರ್ಷಿಯಾ ಸುತ್ತುಬಳಸಿ ಅದರ ಹಿಂಬದಿಯಿಂದ ಬರುತ್ತದೆ. ಆದರೆ ಸೈಟೋಡಿಸ್ ತಾಯಿ ತನ್ನ ಮೊಟ್ಟೆಗಳ ಗಂಟನ್ನು ಬಾಯಲ್ಲಿ ಕಚ್ಚಿಕೊಂಡಿದ್ದರೆ, ಮೊಟ್ಟೆ ಕೆಳಗಿಡದೆ ಅದಕ್ಕೆ ಉಗುಳಲಾಗದು; ಆಗ ಪೋರ್ಷಿಯಾ ನೇರ ಮುಂದಿನಿಂದಲೇ ಹೋಗುತ್ತದೆ! ಸಗಾಡದಲ್ಲಿ ಈ ಉಗುಳುವ ಜೇಡವಿಲ್ಲ. ಅಲ್ಲಿನ ಪೋರ್ಷಿಯಾಕ್ಕೆ ಈ ಉಪಾಯವೂ ಇಲ್ಲ. ಪ್ರಯೋಗಾಲಯದಲ್ಲಿ ಹುಟ್ಟಿ, ಉಗುಳುವ ಜೇಡವನ್ನು ಎಂದೂ ಕಾಣದ ಮರಿಗಳಲ್ಲಿಯೂ ಈ ವ್ಯತ್ಯಾಸ ಹಾಗೆಯೇ ಇತ್ತು. ಪ್ರಯತ್ನಿಸಿ ಕಲಿಯುವ ಸಾಮರ್ಥ್ಯದಲ್ಲಿಯೂ ಲಾಸ್ ಬಾನ್ಯೋಸಿನವು ಮುಂದಿದ್ದವು.

ಪಟ್ಟಿಯಲ್ಲಿ ಇವೆರಡೂ ಒಂದೇ ಹೆಸರು. ಲಾಸ್ ಬಾನ್ಯೋಸಿನ ಕಾಡು ನಾಳೆ ನಾಶವಾದರೂ ಪಟ್ಟಿಯಿಂದ ಒಂದಕ್ಷರವೂ ಅಳಿಯುವುದಿಲ್ಲ. ಆದರೆ ಆ ನೆಲದಲ್ಲಿ, ಆ ನೆರೆಹೊರೆಯ ಅಪಾಯದ ನಡುವೆ, ಅಸಂಖ್ಯ ತಲೆಮಾರುಗಳು ಗಳಿಸಿದ ಒಂದು ವಿದ್ಯೆ ನಿಶ್ಶಬ್ದವಾಗಿ ಹೋಗಿಬಿಡುತ್ತದೆ. ಜೀವಿಯೆಂದರೆ ಅದರ ಜಾಗವೂ ಹೌದು. ಬೇರೆಡೆ ಇದೆಯಲ್ಲ ಎನ್ನುವವರು ಪಟ್ಟಿಯನ್ನು ಓದಬಲ್ಲರು, ಕಾಡನ್ನು ಓದಲಾರರು.

ನಮ್ಮ ತೋಟ, ನಮ್ಮ ಬೆಟ್ಟ

ಈಗ ಮಲೆನಾಡಿನ ಮಾತು. ಅಡಿಕೆ ತೋಟಕ್ಕೆ ಹೊಂದಿಕೊಂಡ ಸೊಪ್ಪಿನಬೆಟ್ಟ ನಮ್ಮ ಹಿರಿಯರ ವಿವೇಕ. ಉತ್ತರ ಕನ್ನಡದ ಘಟ್ಟದ ಮೇಲಿನ ಭಾಗದಲ್ಲಿ ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟದ ಹಕ್ಕನ್ನು ನೀಡಲಾಗಿತ್ತು. ತೋಟ, ಬೆಟ್ಟ, ಬೇಲಿಯ ಪೊದೆ, ಹಳ್ಳದ ಅಂಚು, ಇವೆಲ್ಲ ಕೂಡಿದ ಜಾಗದಲ್ಲಿ ಬಲೆಗಳ ಮೇಲೆ ಬಲೆ ದಟ್ಟವಾಗಿರುತ್ತದೆ. ಪೋರ್ಷಿಯಾದಂತಹ ಬೇಟೆಗಾರನಿಗೆ ಬೇಕಾದದ್ದು ಇಂತಹ ನೆರಳು ಮತ್ತು ಇಂತಹ ಜನಸಂದಣಿ. ಗಿಡವನ್ನು ತಿನ್ನುವ ಹುಳು, ಹುಳುವನ್ನು ತಿನ್ನುವ ಜೇಡ, ಜೇಡವನ್ನು ತಿನ್ನುವ ಜೇಡ. ಈ ಮೂರನೆಯ ಮೆಟ್ಟಿಲು ನಿಲ್ಲಬೇಕಾದರೆ ಕೆಳಗಿನ ಎರಡೂ ಗಟ್ಟಿಯಾಗಿರಬೇಕು. ಕೆಳಗಿನದು ಅಲುಗಿದರೆ ಮೊದಲು ಬೀಳುವುದು ಮೇಲಿನದು.

ಅಲುಗಿಸುವ ಕೆಲಸ ಭರದಿಂದ ನಡೆದಿದೆ. ಬೆಟ್ಟಗಳು ಅಕೇಶಿಯಾ ನೆಡುತೋಪುಗಳಾದವು, ಇಲ್ಲವೇ ಬೋಳಾದವು. ಬೇಲಿ ತಂತಿಯಾಯಿತು. ತೋಟದ ನೆಲದ ಹಸಿರನ್ನು ಕಳೆನಾಶಕ ಸುಟ್ಟಿತು. ಎಲೆಚುಕ್ಕೆ ರೋಗದ ಭೀತಿ ಹಬ್ಬಿದ ಮೇಲೆ ಶಿಲೀಂಧ್ರನಾಶಕದ ಡ್ರಮ್ಮಿಗೆ, ಇರಲಿ ಎಂದು, ಕೀಟನಾಶಕವನ್ನೂ ಬೆರೆಸುವ ಅಭ್ಯಾಸ ಬೆಳೆಯುತ್ತಿದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು ಬೇರೆ, ಕಾಣದ ಕೀಟಕ್ಕೆ ಪೈರಿಥ್ರಾಯ್ಡ್ ಸುರಿಯುವುದು ಬೇರೆ. ಸಂಶ್ಲೇಷಿತ ಪೈರಿಥ್ರಾಯ್ಡುಗಳು ಜೇಡಗಳಿಗೆ ಮಾರಕವೆಂಬುದು ಕೃಷಿ ವಿಜ್ಞಾನ ಓದಿದ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಅಂಗಡಿಯ ಕಟ್ಟೆಯ ಮೇಲೆ ಹೇಳುವವರಿಲ್ಲ.

ಪೀಡೆಯ ಸಂಖ್ಯೆ ಆರ್ಥಿಕ ಹಾನಿಯ ಮಟ್ಟವನ್ನು ಮುಟ್ಟುವವರೆಗೆ ಔಷಧಿ ಮುಟ್ಟಬೇಡಿ ಎಂಬ ತತ್ತ್ವವನ್ನು ಕ್ಯಾಲಿಫೋರ್ನಿಯದ ಕೀಟಶಾಸ್ತ್ರಜ್ಞರು ಮಂಡಿಸಿದ್ದು 1959ರಲ್ಲಿ. ಅದು ಪ್ರತಿಯೊಂದು ಕೃಷಿ ಪದವಿಯ ಪಠ್ಯದಲ್ಲಿದೆ. ಆರು ದಶಕಗಳ ಬಳಿಕವೂ ನಮ್ಮ ಹಳ್ಳಿಗಳಲ್ಲಿ ಸಿಂಪಡಣೆ ನಡೆಯುವುದು ಕ್ಯಾಲೆಂಡರ್ ನೋಡಿ, ಇಲ್ಲವೇ ನೆರೆಯವನ ತೋಟ ನೋಡಿ. ತತ್ತ್ವ ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಉಳಿಯಿತು.

ಎಂಡೋಸಲ್ಫಾನ್ ದುರಂತವನ್ನು ನಾವು ಇಷ್ಟು ಬೇಗ ಮರೆಯಬಹುದೇ? ಗೇರಿನ ಚಹಾಸೊಳ್ಳೆ ತಿಗಣೆಯನ್ನು ಕೊಲ್ಲಲು ಕಾಸರಗೋಡಿನ ಗುಡ್ಡಗಳ ಮೇಲೆ 2000ನೆಯ ಇಸವಿಯವರೆಗೂ ಹೆಲಿಕಾಪ್ಟರಿನಿಂದ ವಿಷ ಸುರಿಸಲಾಯಿತು. ದಕ್ಷಿಣ ಕನ್ನಡದ ಗೇರು ತೋಪುಗಳ ಸುತ್ತಲ ಹಳ್ಳಿಗಳೂ ಅದರ ಫಲ ಉಂಡವು. ಕರ್ನಾಟಕ ಅದನ್ನು ನಿಷೇಧಿಸಿದ್ದು 2011ರ ಫೆಬ್ರವರಿಯಲ್ಲಿ. ಅದೇ ವರ್ಷ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶಾದ್ಯಂತ ತಡೆಯಿತು. ಗೇರುಬೀಜದ ಲಾಭದ ಕಲಂ ತುಂಬಿದ್ದ ಆ ಲೆಕ್ಕಪುಸ್ತಕದಲ್ಲಿ ಜೇಡಕ್ಕೆ ಜಾಗವಿರಲಿಲ್ಲ, ನಿಜ. ಕೊನೆಗೆ ನೋಡಿದರೆ ಮನುಷ್ಯನ ಮಕ್ಕಳಿಗೂ ಇರಲಿಲ್ಲ. ಉಪಯೋಗವಿಲ್ಲದ ಜೀವಿಯನ್ನು ಲೆಕ್ಕದಿಂದ ಹೊರಗಿಡಲು ಕಲಿತ ಕೈ ಅಲ್ಲಿಗೇ ನಿಲ್ಲುವುದಿಲ್ಲ.

ಆ ಬಳಿಕವೂ ಸರ್ಕಾರದ ನಡೆ ಆಮೆಯದೇ. 2020ರ ಮೇ ತಿಂಗಳಲ್ಲಿ ಕೇಂದ್ರವು 27 ಕೀಟನಾಶಕಗಳನ್ನು ನಿಷೇಧಿಸುವ ಕರಡು ಆದೇಶ ಹೊರಡಿಸಿತು. ಉದ್ಯಮದ ಆಕ್ಷೇಪಗಳೆಲ್ಲ ಮುಗಿದು 2023ರಲ್ಲಿ ಅಂತಿಮ ಆದೇಶ ಬಂದಾಗ ಪಟ್ಟಿ ಬೆರಳೆಣಿಕೆಗೆ ಇಳಿದಿತ್ತು. ಅದೇ 2023ರ ತಿದ್ದುಪಡಿ ಜೀವವೈವಿಧ್ಯ ಕಾಯಿದೆಯಿಂದ ಜೈಲುಶಿಕ್ಷೆಯನ್ನು ತೆಗೆದು ದಂಡವನ್ನು ಮಾತ್ರ ಉಳಿಸಿತು. ಇಲ್ಲಿಯೂ ಬೆಲೆಪಟ್ಟಿಯೇ! ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಆರನೆಯ ಕರಡು 2024ರ ಜುಲೈನಲ್ಲಿ ಬಂದಿತು. ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು.

ರೈತನ ವಿರುದ್ಧವಲ್ಲ

ಸಾಲದಲ್ಲಿ ಮುಳುಗಿದ ರೈತನಿಗೆ ಜೇಡದ ಬುದ್ಧಿವಂತಿಕೆಯ ಕಥೆ ಹೇಳುವುದು ಕ್ರೌರ್ಯವಲ್ಲವೇ ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದು, ಉತ್ತರವೂ ನೇರವಾಗಿಯೇ ಇರಬೇಕು. ಬೆಳೆ ಹಾಳಾಗುತ್ತಿರುವಾಗ ಔಷಧಿ ಹೊಡೆಯಬೇಡ ಎಂದು ನಾನು ಯಾವ ರೈತನಿಗೂ ಹೇಳುವುದಿಲ್ಲ. ಹಾನಿಯಿಲ್ಲದಾಗ ಹೊಡೆಯುವ ಔಷಧಿಯಿಂದ ಜೇಡಕ್ಕೆ ಸಾವು, ರೈತನಿಗೆ ಖರ್ಚು, ಮಾರುವವನಿಗೆ ಮಾತ್ರ ಲಾಭ. ಈ ಒಂದು ವಿಷಯದಲ್ಲಿ ಜೇಡದ ಹಿತವೂ ರೈತನ ಹಿತವೂ ಒಂದೇ ಕಡೆ ಇವೆ. ಎಲ್ಲೆಡೆ ಹೀಗಿರುವುದಿಲ್ಲ ಎಂಬುದನ್ನೂ ಒಪ್ಪೋಣ. ಬೆಟ್ಟದ ಒಂದು ಮೂಲೆಯನ್ನು ಮುಟ್ಟದೆ ಬಿಟ್ಟರೆ ಸ್ವಲ್ಪ ಸೊಪ್ಪು, ಸ್ವಲ್ಪ ದರಕು ಕಡಿಮೆಯಾದೀತು. ಅದು ನಷ್ಟವೇ. ಆದರೆ ನಮ್ಮ ಊರುಗಳಲ್ಲಿ ದೇವರಕಾಡನ್ನು ಬಿಟ್ಟವರು ಅಲ್ಲಿನ ಪ್ರತಿ ಜೀವಿಯ ಉಪಯೋಗವನ್ನು ವಿಚಾರಿಸಿರಲಿಲ್ಲ. ಕೊಡಲಿ ಒಳಗೆ ಹೋಗಕೂಡದು ಎಂಬ ಒಂದೇ ಕಟ್ಟಳೆ ಸಾಕಾಗಿತ್ತು. ಬಡತನ ಇಂದಿಗಿಂತ ಹೆಚ್ಚಿದ್ದ ಕಾಲದಲ್ಲಿ ಅವರು ಆ ನಷ್ಟವನ್ನು ಹೊತ್ತರು.

ನಮ್ಮ ಚಳವಳಿ ಮಾಡಬೇಕಾದ ಕೆಲಸಗಳು ಸ್ಪಷ್ಟವಾಗಿವೆ. ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಉಪಯೋಗದ ಕಲಂ ಖಾಲಿಯಿರುವ ಜೀವಿಗಳನ್ನೂ ಬರೆಯಬೇಕೆಂದು ಪ್ರತಿ ಪಂಚಾಯತಿಯಲ್ಲಿ ಒತ್ತಾಯಿಸಬೇಕು. ಪರಿಸರ ಪರಿಣಾಮ ವರದಿಗಳಲ್ಲಿ ಬೆನ್ನೆಲುಬಿಲ್ಲದ ಜೀವಿಗಳ ಸಮೀಕ್ಷೆ ಮಳೆಗಾಲವನ್ನೂ ಒಳಗೊಂಡು ನಡೆಯದಿದ್ದರೆ ಸಾರ್ವಜನಿಕ ಅಹವಾಲು ಸಭೆಯಲ್ಲಿಯೇ ಆ ವರದಿಯನ್ನು ಪ್ರಶ್ನಿಸಬೇಕು. ಕೃಷಿ ವಿಶ್ವವಿದ್ಯಾಲಯಗಳು ಜೇಡ, ಜಿಗಣೆ, ಎರೆಹುಳುಗಳ ವರ್ಗೀಕರಣ ತಜ್ಞರನ್ನು ನೇಮಿಸಬೇಕು. ಪೀಡೆಯ ಪಟ್ಟಿ ಬೆಳೆಸುವುದಷ್ಟೇ ಅವುಗಳ ಕೆಲಸವಲ್ಲ. ಅನಗತ್ಯ ಬೆರಕೆ ಸಿಂಪಡಣೆಯನ್ನು ಸಹಕಾರಿ ಸಂಘಗಳ ಮಟ್ಟದಲ್ಲಿಯೇ ತಡೆಯಬೇಕು. ಪ್ರತಿ ಸೊಪ್ಪಿನಬೆಟ್ಟದಲ್ಲಿ ಒಂದು ಭಾಗವಾದರೂ ಕತ್ತಿ ಮುಟ್ಟದೆ ಉಳಿಯಬೇಕು.

ಇವೆಲ್ಲಕ್ಕಿಂತ ಮೊದಲು ನಮ್ಮ ಮಾತು ಬದಲಾಗಬೇಕು. ಕಾಡು ಉಳಿಸಿ, ನೀರು ಸಿಗುತ್ತದೆ. ಜೇಡ ಉಳಿಸಿ, ಕೀಟ ಕಡಿಮೆಯಾಗುತ್ತದೆ ಎಂಬ ಮಾತು ಸುಳ್ಳಲ್ಲ. ಆದರೆ ಅದನ್ನೇ ಏಕೈಕ ಆಧಾರವಾಗಿ ಹಿಡಿದರೆ, ನೀರನ್ನು ಕೊಳವೆಯಲ್ಲಿ ತರುತ್ತೇವೆ, ಕೀಟಕ್ಕೆ ಹೊಸ ಔಷಧಿ ಕೊಡುತ್ತೇವೆ ಎಂದು ಎದುರಾಳಿ ಹೇಳಿದ ದಿನ ನಮ್ಮ ಬಾಯಿ ಕಟ್ಟುತ್ತದೆ. ಪರರ ಬಲೆಯ ಎಳೆ ಮೀಟುತ್ತ, ಗಾಳಿಗಾಗಿ ಕಾಯುತ್ತ, ಕಾಣದ ದಾರಿಯನ್ನು ನೆನಪಿಟ್ಟುಕೊಂಡು ನಡೆಯುವ ಆ ಪುಟ್ಟ ಜೀವಿ ನಮಗೆ ಯಾವ ಕೆಲಸಕ್ಕೂ ಬಾರದು. ಅದಿರುವ ಜಾಗವನ್ನು ಉಳಿಸಲು, ಅದು ಅಲ್ಲಿದೆ ಎಂಬ ಕಾರಣವೊಂದೇ ಸಾಕು ಎಂದು ಗಟ್ಟಿದನಿಯಲ್ಲಿ ಹೇಳಲು ನಾವು ಕಲಿಯಬೇಕಾಗಿದೆ.